ಕರಡುಪ್ರತಿಯ ಸುಖ

ಮಹಾಕೃತಿಯೊಂದನ್ನು ಬರೆದು ಮುಗಿಸಿದ ಲೇಖಕನ ಪಾಡು ಮಗಳ ಮದುವೆ ಮಾಡಿ ಮುಗಿಸಿದ ತಂದೆಯ ಪಾಡಿನಂತೆ. ಚಪ್ಪರ ಬಿಚ್ಚಿದ ಮೇಲೆ ಮನೆ ಹಿಂದೆಂದಿಗಿಂತಲೂ ದೊಡ್ಡದಾಗಿಯೂ ಬರಿದಾಗಿಯೂ ಕಾಣುತ್ತದೆ. 1869ರಲ್ಲಿ ‘ಯುದ್ಧ ಮತ್ತು ಶಾಂತಿ’ಯ ಕೊನೆಯ ಸಂಪುಟ ಅಚ್ಚಾಗಿ ಹೊರಬಂದಾಗ ಟಾಲ್‌ಸ್ಟಾಯ್ ನಲವತ್ತರ ಗಡಿ ದಾಟಿದ್ದ. ಕೀರ್ತಿಯಿತ್ತು, ಜಮೀನಿತ್ತು, ಅವನ ಗೀಚುಬರಹವನ್ನು ಬಿಡಿಸಿ ಓದಿ ಶುದ್ಧಪ್ರತಿ ಮಾಡಿಕೊಡಬಲ್ಲ ಪತ್ನಿ ಸೋಫಿಯಾ ಇದ್ದಳು. ಆದರೂ ಮುಂದಿನ ಮೂರು ವರ್ಷಗಳಿಗೂ ಮೀರಿದ ಅವಧಿಯಲ್ಲಿ ಯಾಸ್ನಾಯಾ ಪೋಲ್ಯಾನದ ಆ ಮನೆಯಲ್ಲಿ ಹೊಸ ಕಾದಂಬರಿಯೊಂದು ಕಣ್ಣು ತೆರೆಯಲಿಲ್ಲ.

ಗಾಂಧೀಜಿಯವರ ಮೂಲಕ ಪರಿಚಿತನಾದ ಆ ಗಡ್ಡದ ಋಷಿಯನ್ನೇ ಬಲ್ಲ ನಮಗೆ, ಬರೆಯಲಾರದೆ ತೊಳಲುತ್ತಿದ್ದ ಈ ನಡುವಯಸ್ಸಿನ ಗೃಹಸ್ಥನ ಚಿತ್ರ ಸ್ವಲ್ಪ ವಿಚಿತ್ರವೆನಿಸೀತು. ಬರೆಯಲಾಗದ ಲೇಖಕ ಕೈಕಟ್ಟಿ ಕುಳಿತಿರುತ್ತಾನೆಂಬುದು ಬರೆಯದವರ ಕಲ್ಪನೆ. ಟಾಲ್‌ಸ್ಟಾಯ್ ಸುಮ್ಮನಿರಲಿಲ್ಲ. 1870ರ ಕೊನೆಗೆ ಗ್ರೀಕ್ ಭಾಷೆಗೆ ಕೈಹಾಕಿದ. ಕೆಲವೇ ತಿಂಗಳಲ್ಲಿ ಹೋಮರನನ್ನು ಮೂಲದಲ್ಲಿಯೇ ಓದತೊಡಗಿದ. ಆರೋಗ್ಯ ಕೆಟ್ಟಿತೆಂದು ಸಮಾರಾದ ಹುಲ್ಲುಗಾವಲಿಗೆ ಹೋಗಿ, ಕುದುರೆಯ ಹಾಲನ್ನು ಹುಳಿಸಿ ಮಾಡಿದ ಪಾನೀಯವನ್ನು ಕುಡಿದು ಬಂದ. ರೈತರ ಮಕ್ಕಳಿಗಾಗಿ ಪಾಠಪುಸ್ತಕವೊಂದನ್ನು ಸಿದ್ಧಪಡಿಸಿ 1872ರಲ್ಲಿ ಪ್ರಕಟಿಸಿದ. ಇವೆಲ್ಲ ಸತ್ಕಾರ್ಯಗಳೇ ಸರಿ. ಆದರೆ ಕಾದಂಬರಿಕಾರನೊಬ್ಬ ಮಕ್ಕಳಿಗೆ ಅಕ್ಷರಮಾಲೆ ಬರೆಯುವುದರಲ್ಲಿ ಇಷ್ಟೊಂದು ಮಗ್ನನಾದಾಗ ಅವನ ಮನೆಯವರಿಗೆ ಕಳವಳವಾದರೆ ಅದನ್ನು ತಪ್ಪೆನ್ನಲಾಗದು. ಸೋಫಿಯಾಳಿಗೆ ಆ ಕಳವಳವಿತ್ತು.

ಅವನ ಮನಸ್ಸಿನಲ್ಲಿ ಕಾದಂಬರಿಯ ವಸ್ತು ಇರಲಿಲ್ಲವೆಂದಲ್ಲ, ಇದ್ದುದೇ ತೊಡಕಾಗಿತ್ತು. ಚಕ್ರವರ್ತಿ ಪೀಟರ್ ಮಹಾಶಯನ ಕಾಲವನ್ನು ಕುರಿತು ‘ಯುದ್ಧ ಮತ್ತು ಶಾಂತಿ’ಗೆ ಸಮನಾದ ಇನ್ನೊಂದು ಮಹಾಕಥನವನ್ನು ಕಟ್ಟಬೇಕೆಂಬ ಹಂಬಲ ಅವನದು. ಗ್ರಂಥಗಳನ್ನು ತರಿಸಿದ; ಆ ಕಾಲದ ಉಡುಪು, ಆಚಾರ, ಮಾತಿನ ರೀತಿ ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡ. ಕಾದಂಬರಿಯ ಆರಂಭವನ್ನು ಒಮ್ಮೆಯಲ್ಲ, ಹತ್ತಾರು ಸಲ ಬರೆದ. ಪ್ರತಿಯೊಂದೂ ಕೆಲವು ಪುಟ ನಡೆದು ನಿಂತುಹೋಯಿತು. ಪಾತ್ರಗಳೆಲ್ಲ ಸಿಂಗರಿಸಿಕೊಂಡು ತಂತಮ್ಮ ಸ್ಥಾನಗಳಲ್ಲಿ ಕುಳಿತಿದ್ದಾರೆ, ಆದರೆ ಉಸಿರಾಡುತ್ತಿಲ್ಲ ಎಂಬರ್ಥದ ಮಾತನ್ನು ಸೋಫಿಯಾ ಆ ದಿನಗಳಲ್ಲಿ ಬರೆದಿದ್ದಾಳೆ. ಎಂಥ ವಿಮರ್ಶಕನೂ ಇದಕ್ಕಿಂತ ಹೆಚ್ಚಿನದನ್ನು ಹೇಳಲಾರ.

ಕಾವ್ಯದ ಹೇತುಗಳೆಂದು ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನು ಹೇಳಿದರು. ತರಗತಿಯಲ್ಲಿ ಇದನ್ನು ಪಾಠ ಹೇಳುವಾಗ ನಾವು ಮೂರನ್ನೂ ಒಂದರ ಪಕ್ಕ ಒಂದಿಟ್ಟು, ಮೂರೂ ಕೂಡಿದರೆ ಕಾವ್ಯವೆಂದು ಮುಂದಕ್ಕೆ ಹೋಗುತ್ತೇವೆ. ಅವುಗಳೊಳಗೆ ಜಗಳ ಹುಟ್ಟಬಹುದೆಂಬುದನ್ನು ಹೇಳುವುದಿಲ್ಲ. ಟಾಲ್‌ಸ್ಟಾಯ್‌ನಲ್ಲಿ ಪ್ರತಿಭೆ ಬತ್ತಿರಲಿಲ್ಲ, ಅಭ್ಯಾಸಕ್ಕಂತೂ ಕೊರತೆಯಿರಲಿಲ್ಲ. ವ್ಯುತ್ಪತ್ತಿ ಮಾತ್ರ ಅತಿಯಾಗಿ ಬೆಳೆದು ಪ್ರತಿಭೆಯ ಎದೆಯ ಮೇಲೆ ಕುಳಿತಿತ್ತು. ಅಷ್ಟು ದೂರದ ಕಾಲದ ಜನರ ಅಂತರಂಗವನ್ನು ಹೊಗುವುದು ತನಗೆ ಕಷ್ಟವಾಗುತ್ತಿದೆಯೆಂಬುದು ಅವನಿಗೂ ಗೊತ್ತಿತ್ತು. ಆದರೂ ಬಿಡಲೊಲ್ಲ. ಏಕೆಂದರೆ ಅದು ಅವನು ‘ಬರೆಯಬೇಕಾದ’ ಕಾದಂಬರಿ. ಹಿಂದಿನ ಕೀರ್ತಿ ಅವನಿಂದ ಕೇಳುತ್ತಿದ್ದ ಕಾದಂಬರಿ. ಬರಡುತನವೆಂದು ನಾವು ಕರೆಯುವುದರಲ್ಲಿ ಮುಕ್ಕಾಲು ಪಾಲು ಈ ‘ಬೇಕು’ ಎಂಬುದರ ಭಾರವೇ ಎಂದು ನನ್ನ ಅಭಿಪ್ರಾಯ.

ಆಮೇಲಿನ ಘಟನೆ ಬಹಳ ಚಿಕ್ಕದು. 1873ರ ಮಾರ್ಚ್ ತಿಂಗಳು. ಮನೆಯಲ್ಲಿದ್ದ ವೃದ್ಧೆ ಅತ್ತೆಗೆ ಓದಿ ಹೇಳಲು ಏನಾದರೂ ಕೊಡೆಂದು ಹಿರಿಯ ಮಗ ಸೆರ್ಗೆಯ್ ತಾಯಿಯನ್ನು ಪೀಡಿಸಿದ. ಆಕೆ ಪುಷ್ಕಿನ್‌ನ ಬೆಲ್ಕಿನ್ ಕಥೆಗಳಿದ್ದ ಸಂಪುಟವೊಂದನ್ನು ಕೊಟ್ಟಳು. ಮುದುಕಿ ನಿದ್ದೆಹೋದಳು. ಪುಸ್ತಕವನ್ನು ಪುಸ್ತಕಶಾಲೆಗೆ ಒಯ್ದು ಇಡಲು ಯಾರಿಗೂ ಮನಸ್ಸಾಗದೆ ಅದು ಕಿಟಕಿಯ ಮೇಲೆಯೇ ಉಳಿಯಿತು. ಮರುದಿನ ಬೆಳಗ್ಗೆ ಕಾಫಿ ಕುಡಿಯುತ್ತ ಟಾಲ್‌ಸ್ಟಾಯ್ ಅದನ್ನು ಕೈಗೆತ್ತಿಕೊಂಡ. ಎಷ್ಟೋ ಸಲ ಓದಿದ್ದ ಪುಸ್ತಕವೇ. ಅದರಲ್ಲಿ ಪುಷ್ಕಿನ್ ಅಪೂರ್ಣವಾಗಿ ಬಿಟ್ಟಿದ್ದ ಒಂದು ತುಣುಕಿತ್ತು. ಹಳ್ಳಿಮನೆಯೊಂದಕ್ಕೆ ಅತಿಥಿಗಳು ಬಂದು ಸೇರುತ್ತಿರುವಲ್ಲಿಂದ ಅದು ಶುರುವಾಗುತ್ತದೆ. ಪೀಠಿಕೆಯಿಲ್ಲ, ಊರಿನ ವರ್ಣನೆಯಿಲ್ಲ, ವಂಶದ ಚರಿತ್ರೆಯಿಲ್ಲ. ಬಾಗಿಲು ತೆರೆದಿದೆ, ಜನ ಒಳಗೆ ಬರುತ್ತಿದ್ದಾರೆ, ಅಷ್ಟೆ. ಬರೆಯುವುದಾದರೆ ಹೀಗೆ ಎಂದು ಟಾಲ್‌ಸ್ಟಾಯ್‌ಗೆ ಅನಿಸಿತು. ಒಂದೂವರೆ ಪುಟ ಬರೆದಿದ್ದೇನೆ, ಚೆನ್ನಾಗಿರುವಂತೆ ತೋರುತ್ತದೆ ಎಂದು ಹೆಂಡತಿಗೆ ತಿಳಿಸಿದ. ಪೀಟರನ ಕಾದಂಬರಿ ಮತ್ತೊಮ್ಮೆ ಹೊರಟಿತೆಂದು ಆಕೆ ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಆದರೆ ಹೊರಟಿದ್ದುದು ‘ಅನ್ನಾ ಕರೆನಿನಾ’.

ಈ ಪ್ರಸಂಗವನ್ನು ಪವಾಡವೆಂದು ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಗಂಡನನ್ನು ಬಿಟ್ಟು ನಡೆದ ಉನ್ನತ ಸಮಾಜದ ಹೆಣ್ಣೊಬ್ಬಳನ್ನು ಅಪರಾಧಿಯಾಗಿಯಲ್ಲದೆ ಕರುಣೆಗೆ ಪಾತ್ರಳಾಗಿ ಚಿತ್ರಿಸಬೇಕೆಂಬ ವಿಚಾರವನ್ನು ಅವನು 1870ರಲ್ಲಿಯೇ ಸೋಫಿಯಾಳಿಗೆ ಹೇಳಿದ್ದ. 1872ರ ಜನವರಿಯಲ್ಲಿ ನೆರೆಯ ಜಮೀನುದಾರನ ಮನೆಯ ಹೆಣ್ಣೊಬ್ಬಳು ಪರಿತ್ಯಕ್ತಳಾಗಿ ಸಮೀಪದ ರೈಲು ನಿಲ್ದಾಣದಲ್ಲಿ ಗಾಡಿಯಡಿ ಬಿದ್ದು ಸತ್ತಾಗ, ಟಾಲ್‌ಸ್ಟಾಯ್ ಹೋಗಿ ಆ ಶವವನ್ನು ಕಣ್ಣಾರೆ ಕಂಡು ತಲ್ಲಣಿಸಿ ಬಂದಿದ್ದ. ನೆಲದೊಳಗೆ ನೀರಿತ್ತು. ಅವನು ಬಾವಿ ತೋಡುತ್ತಿದ್ದುದು ಬೇರೆ ಹೊಲದಲ್ಲಿ.

ಆ ವಸಂತದ ಕೆಲವು ವಾರಗಳ ಬರವಣಿಗೆಯಲ್ಲಿದ್ದ ಉಲ್ಲಾಸವನ್ನು ಅವನ ಪತ್ರಗಳೇ ಹೇಳುತ್ತವೆ. ಸ್ನೇಹಿತ ಸ್ತ್ರಾಖೋವ್‌ಗೆ ಪತ್ರ ಬರೆದು, ಕರಡು ಸಿದ್ಧವಾಗಿದೆ, ಎರಡು ವಾರದಲ್ಲಿ ಕೆಲಸ ಮುಗಿಯುತ್ತದೆ ಎಂದ. ಆ ಪತ್ರವನ್ನು ಅಂಚೆಗೆ ಹಾಕಲಿಲ್ಲ. ಹಾಕದಿದ್ದುದು ಒಳ್ಳೆಯದೇ ಆಯಿತು. ಎರಡು ವಾರದ ಕೆಲಸ ನಾಲ್ಕು ವರ್ಷ ಹಿಡಿಯಿತು. ‘ರಷ್ಯನ್ ಹೆರಾಲ್ಡ್’ ಪತ್ರಿಕೆಯಲ್ಲಿ 1875ರಿಂದ 1877ರವರೆಗೆ ಅದು ಕುಂಟುತ್ತ ಕುಂಟುತ್ತ ಪ್ರಕಟವಾಯಿತು. ಕಡೆಯ ಭಾಗದಲ್ಲಿದ್ದ ರಾಜಕೀಯ ವಿಚಾರ ಸಂಪಾದಕನಿಗೆ ಒಗ್ಗದೆ, ಲೇಖಕ ಅದನ್ನು ಪ್ರತ್ಯೇಕವಾಗಿ ಅಚ್ಚು ಹಾಕಿಸಬೇಕಾಯಿತು. ನಡುವೆ ಮನೆಯಲ್ಲಿ ಸಾವಿನ ಮೇಲೆ ಸಾವು: ಮೂವರು ಎಳೆಯ ಮಕ್ಕಳು ತೀರಿಕೊಂಡರು, ಆ ವೃದ್ಧೆ ಅತ್ತೆಯೂ ತೀರಿಕೊಂಡಳು. ಒಂದು ಹಂತದಲ್ಲಿ ತನ್ನ ಕೃತಿಯನ್ನೇ ಬೇಸರದ ವಸ್ತುವೆಂದು ಹಳಿದು, ಒಮ್ಮೆ ಮುಗಿದರೆ ಸಾಕೆಂದುಕೊಂಡ.

ಹಾಗಾದರೆ ಮೊದಲ ವಾರಗಳ ಆ ಸುಖ ಭ್ರಮೆಯೇ? ಕರಡನ್ನು ನೋಡಿದರೆ ಹಾಗೆನ್ನಿಸಬಹುದು. ಅದರ ನಾಯಿಕೆ ಅನ್ನಾ ಅಲ್ಲ, ತತ್ಯಾನಾ. ರೂಪವತಿಯೂ ಅಲ್ಲ: ಮೊಂಡು ಮೂಗು, ಗಿಡ್ಡ ಹಣೆ, ಸ್ಥೂಲದೇಹ. ಗಂಡ ಸಾಧುಪುರುಷ. ಕಾದಂಬರಿಯ ಅರ್ಧ ಪ್ರಾಣವಾದ ಲೆವಿನ್ ಆಗಿನ್ನೂ ಹುಟ್ಟಿಯೇ ಇರಲಿಲ್ಲ. ಇಂದಿನ ಓದುಗನಿಗೆ ಅದನ್ನು ಕೊಟ್ಟರೆ ಇದೇ ಆ ಕೃತಿಯೆಂದು ಗುರುತಿಸುವುದೂ ಕಷ್ಟ. ಆದರೆ ಪೀಟರನ ಹತ್ತಾರು ಆರಂಭಗಳಲ್ಲಿಲ್ಲದ ಒಂದು ಗುಣ ಇದರಲ್ಲಿತ್ತು: ಈ ಜನ ಉಸಿರಾಡುತ್ತಿದ್ದರು. ಉಸಿರಾಡುವವರನ್ನು ತಿದ್ದಬಹುದು, ಅವರ ಮೂಗನ್ನು ನೀಳವಾಗಿಸಬಹುದು, ಮನಸ್ಸನ್ನು ಆಳವಾಗಿಸಬಹುದು. ಲೆಕ್ಕ ಹಾಕುವುದರಲ್ಲಿ ಆ ಸುಖ ಅವನಿಗೆ ಸುಳ್ಳು ಹೇಳಿತು; ಜೀವದ ವಿಷಯದಲ್ಲಿ ಸುಳ್ಳು ಹೇಳಲಿಲ್ಲ. ಮುಂದಿನ ನಾಲ್ಕು ವರ್ಷದ ಬೇಸರವನ್ನು ಅವನು ತಾಳಿಕೊಂಡದ್ದು, ನನಗೆ ತೋರುವಂತೆ, ಆ ಮಾರ್ಚ್ ತಿಂಗಳ ಬಂಡವಾಳದಿಂದಲೇ.

ಆ ಮೊದಲ ಕರಡಿನ ಆರಂಭದ ದೃಶ್ಯ, ಸಂಗೀತನಾಟಕ ನೋಡಿ ಬಂದ ಅತಿಥಿಗಳು ದಿವಾನಖಾನೆಯಲ್ಲಿ ಸೇರಿ ಹರಟುವುದು, ಇಂದಿಗೂ ಕಾದಂಬರಿಯಲ್ಲಿದೆ. ಆದರೆ ಆರಂಭದಲ್ಲಿ ಅಲ್ಲ. ಒಬ್ಲೋನ್ಸ್ಕಿಯ ಮನೆಯ ಜಗಳಕ್ಕೆ ಮೊದಲ ಸ್ಥಾನ ಬಿಟ್ಟುಕೊಟ್ಟು, ಅದು ಎರಡನೆಯ ಭಾಗದ ಆರನೆಯ ಅಧ್ಯಾಯಕ್ಕೆ ಸರಿದು ಕುಳಿತಿದೆ.