ಗಣಕಯಂತ್ರದ ಜಲಶೀತಲೀಕರಣಕ್ಕೆ ನಿಶ್ಶಬ್ದವಾದ ಪಂಪಿನ ಆಯ್ಕೆ

ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ, ತುಂಗಭದ್ರೆಯೆಂಬ ಹೆಸರು ತಳೆದು ಮುಂದೆ ಹರಿಯುವ ಸೀಮೆಯಲ್ಲಿ ಹೊಳಲೂರು ಇದೆ. ಇಲ್ಲಿಯ ಒಕ್ಕಲು ಮಕ್ಕಳಿಗೆ ಪಂಪೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಗದ್ದೆಗೂ ಅಡಕೆಯ ತೋಟಕ್ಕೂ ನೀರೆತ್ತುವ ಯಂತ್ರದ ಸದ್ದನ್ನು ಕೇಳುತ್ತಲೇ ಅವರು ಬೆಳೆದವರು. ಎಷ್ಟು ಅಶ್ವಶಕ್ತಿ, ಎಷ್ಟು ಅಡಿ ಎತ್ತುವುದು, ಎಷ್ಟು ಇಂಚಿನ ಪೈಪು ಎಂಬ ಮೂರು ಪ್ರಶ್ನೆಗಳಲ್ಲಿ ಅವರ ಪಂಪಿನ ಶಾಸ್ತ್ರವೆಲ್ಲ ಅಡಗಿರುವುದು. ಪಂಪು ದೊಡ್ಡದಾದಷ್ಟೂ ಒಳ್ಳೆಯದೆಂಬುದು ಆ ಶಾಸ್ತ್ರದ ತಾತ್ಪರ್ಯ. ಆದರೆ ಗಣಕಯಂತ್ರದ ಒಳಗೆ ಕುಳಿತು ಅದರ ಬಿಸಿಯನ್ನು ಆರಿಸುವ, ಮುಷ್ಟಿಯಷ್ಟೇ ಗಾತ್ರದ ಪಂಪನ್ನು ಆರಿಸುವಾಗ ಈ ಶಾಸ್ತ್ರವೇ ದಾರಿ ತಪ್ಪಿಸುತ್ತದೆ. ಹೇಗೆಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಗಣಕಯಂತ್ರವು ತಾನು ಸೇವಿಸಿದ ವಿದ್ಯುತ್ತನ್ನು ಬಹುಮಟ್ಟಿಗೆ ಶಾಖವಾಗಿಯೇ ಹೊರಹಾಕುತ್ತದೆ. ಆ ಶಾಖವನ್ನು ಒಯ್ಯುವ ಕೆಲಸಕ್ಕೆ ಸಾಮಾನ್ಯವಾಗಿ ಗಾಳಿಯನ್ನು ಬಳಸುವುದು ರೂಢಿ. ಆದರೆ ಸಮಾನ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹೊರಬಲ್ಲದು. ಈ ಗುಣವನ್ನರಿತೇ 1960ರ ದಶಕದಲ್ಲಿ ಐಬಿಎಂ ಸಂಸ್ಥೆಯು ತನ್ನ ಕೆಲವು ಬೃಹತ್ ಗಣಕಗಳಲ್ಲಿ ನೀರನ್ನು ಹರಿಸಿತು. 1985ರ ಕ್ರೇ-2 ಎಂಬ ಮಹಾಗಣಕದಲ್ಲಂತೂ ವಿದ್ಯುತ್ತು ಹರಿಯದ ವಿಶೇಷ ದ್ರವದಲ್ಲಿ ಯಂತ್ರಭಾಗಗಳನ್ನೇ ಮುಳುಗಿಸಲಾಗಿತ್ತು. ನಮ್ಮ ನಾಡಿನ ಉದಾಹರಣೆಯೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ, 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗವು ದ್ರವದಿಂದ ತಂಪುಗೊಳ್ಳುವ ರಚನೆಯುಳ್ಳ ಮಹಾಗಣಕವಾಗಿದೆ.

ಹಾಗೆಂದು ಪ್ರತಿಯೊಂದು ಗಣಕಕ್ಕೂ ನೀರು ಬೇಕೆಂದು ಭಾವಿಸತಕ್ಕುದಲ್ಲ. ಬೆರಳಚ್ಚು, ಲೆಕ್ಕಪತ್ರ, ಪಾಠಾಭ್ಯಾಸಗಳಿಗೆ ಬಳಸುವ ಶಾಲೆಯ ಗಣಕಕ್ಕೆ ಒಳ್ಳೆಯ ಫ್ಯಾನೊಂದೇ ಸಾಕು. ಅದಕ್ಕೆ ಪಂಪು ಕೊಳ್ಳುವುದು ಹಣದ ಅಪವ್ಯಯ. ಚಲಚ್ಚಿತ್ರದ ಸಂಕಲನ, ಚಿತ್ರಗಳ ರಚನೆ, ವಿಜ್ಞಾನದ ದೀರ್ಘ ಗಣನೆಗಳಲ್ಲಿ ಹಗಲಿರುಳು ದುಡಿದು 300 ವಾಟ್ ಅಥವಾ ಅದಕ್ಕೂ ಮೀರಿ ಶಾಖ ಹೊರಸೂಸುವ ಯಂತ್ರಕ್ಕೆ ಮಾತ್ರ ಈ ವಿಚಾರ ಸಲ್ಲುತ್ತದೆ. ಅಂಥ ಯಂತ್ರದ ಫ್ಯಾನುಗಳು ಎಬ್ಬಿಸುವ ಗದ್ದಲವು ಓದುವ ಕೊಠಡಿಯ ಶಾಂತಿಯನ್ನು ಕೆಡಿಸುತ್ತದೆ. ಆ ಗದ್ದಲವನ್ನು ನಿವಾರಿಸಲೆಂದು ನೀರನ್ನು ತಂದು, ಪಂಪಿನ ರೂಪದಲ್ಲಿ ಮತ್ತೊಂದು ಗದ್ದಲವನ್ನು ತಂದುಕೊಂಡರೆ ಪ್ರಯೋಜನವೇನು?

ಇನ್ನು ಪಂಪಿನ ಕೆಲಸವನ್ನು ನೋಡೋಣ. ಸಣ್ಣ ತೊಟ್ಟಿಯಿಂದ ಹೊರಟ ನೀರು ಪಂಪಿನ ಮೂಲಕ ಸಾಗಿ, ಗಣಕದ ಸಂಸ್ಕಾರಕದ ಮೇಲೆ ಕೂರಿಸಿದ ತಾಮ್ರದ ಫಲಕವನ್ನು ಹೊಕ್ಕು ಬಿಸಿಯನ್ನು ಹೀರಿ, ರೇಡಿಯೇಟರಿನಲ್ಲಿ ಆ ಬಿಸಿಯನ್ನು ಗಾಳಿಗೆ ಬಿಟ್ಟು, ಮತ್ತೆ ತೊಟ್ಟಿಗೆ ಮರಳುತ್ತದೆ. ತೋಟದ ಪಂಪು ನೀರನ್ನು ಹೊಳೆಯಿಂದ ದಂಡೆಗೆ ಎತ್ತಬೇಕು. ಎತ್ತಿದ ನೀರು ಮರಳಿ ಬಂದು ಅದಕ್ಕೆ ನೆರವಾಗುವುದಿಲ್ಲ. ಇಲ್ಲಿಯಾದರೋ ನೀರಿನ ದಾರಿಯು ಮುಚ್ಚಿದ ವೃತ್ತ. ಒಮ್ಮೆ ಪೈಪುಗಳೆಲ್ಲ ತುಂಬಿದ ಬಳಿಕ, ಮೇಲೇರುವ ನೀರಿನ ಭಾರವನ್ನು ಕೆಳಗಿಳಿಯುವ ನೀರಿನ ಭಾರವು ಸರಿದೂಗಿಸುತ್ತದೆ. ಆದುದರಿಂದ ಎತ್ತರವೆಂಬುದು ಲೆಕ್ಕಕ್ಕೆ ಬಾರದು. ಪೈಪಿನ ತಿರುವುಗಳು, ರೇಡಿಯೇಟರು, ತಾಮ್ರದ ಫಲಕದೊಳಗಣ ಅತಿ ಕಿರಿದಾದ ಸೀಳುಗಳು ಒಡ್ಡುವ ತಡೆಯನ್ನು ಗೆದ್ದರೆ ಪಂಪಿನ ಕರ್ತವ್ಯ ಮುಗಿಯಿತು.

ಪಂಪಿನ ವಿವರಪತ್ರದಲ್ಲಿ ಗಂಟೆಗೆ ಇಷ್ಟು ಲೀಟರು, ಇಷ್ಟು ಮೀಟರು ಎತ್ತರ ಎಂದು ಎರಡು ಅಂಕಿಗಳನ್ನು ದಪ್ಪಕ್ಷರದಲ್ಲಿ ಮುದ್ರಿಸಿರುತ್ತಾರೆ. ಇವೆರಡೂ ಏಕಕಾಲದಲ್ಲಿ ದೊರೆಯುವ ಫಲಗಳಲ್ಲ. ತೋಟದ ಪಂಪಿನ ವಾಲ್ವನ್ನು ಪೂರ್ತಿ ಮುಚ್ಚಿದರೆ ಒತ್ತಡವಿರುವುದು, ನೀರಿರದು. ಬಾಯಿ ಬಿಚ್ಚಿದ ಪೈಪಿನಲ್ಲಿ ನೀರು ಧಾರಾಳವಿರುವುದು, ಒತ್ತಡವಿರದು. ಮುದ್ರಿತ ಅಂಕಿಗಳು ಈ ಎರಡು ಕೊನೆಗಳನ್ನು ಸೂಚಿಸುತ್ತವೆ. ನಿಜವಾದ ಕೆಲಸ ಇವೆರಡರ ನಡುವೆ ನಡೆಯುವುದು. ಆದಕಾರಣ ಹರಿವು ಹೆಚ್ಚಿದಂತೆ ಒತ್ತಡ ಹೇಗೆ ಇಳಿಯುತ್ತದೆಂಬ ರೇಖಾಚಿತ್ರವನ್ನು ಕೇಳಿ ಪಡೆದು ನೋಡುವುದೇ ಜಾಣತನ.

ಎಷ್ಟು ಹರಿವು ಸಾಕೆಂಬುದನ್ನು ಸರಳವಾದ ಲೆಕ್ಕದಿಂದ ತಿಳಿಯಬಹುದು. ಯಂತ್ರದ ಶಾಖ 300 ವಾಟ್ ಎಂದಿಟ್ಟುಕೊಳ್ಳೋಣ. ನಿಮಿಷಕ್ಕೆ 1 ಲೀಟರು ನೀರು ಹರಿದರೆ ಆ ನೀರು ಸುಮಾರು 4.3 ಡಿಗ್ರಿ ಸೆಲ್ಸಿಯಸ್ ಬಿಸಿಯೇರುತ್ತದೆ. 2 ಲೀಟರು ಹರಿದರೆ ಸುಮಾರು 2.2 ಡಿಗ್ರಿ, 4 ಲೀಟರು ಹರಿದರೆ ಸುಮಾರು 1.1 ಡಿಗ್ರಿ. ಎರಡರಿಂದ ನಾಲ್ಕು ಲೀಟರಿಗೆ ಏರಿಸಿದರೆ ನೀರಿನ ಬಿಸಿಯೇರಿಕೆಯಲ್ಲಿ ಉಳಿಯುವುದು ಸುಮಾರು ಒಂದು ಡಿಗ್ರಿ ಮಾತ್ರ. ಈ ಒಂದು ಡಿಗ್ರಿಗೆ ತೆರಬೇಕಾದ ಬೆಲೆಯಾದರೂ ಎಷ್ಟು? ಅದೇ ದಾರಿಯಲ್ಲಿ ಹರಿವನ್ನು ಇಮ್ಮಡಿಗೊಳಿಸಲು ಪಂಪಿನ ವೇಗವನ್ನು ಸರಿಸುಮಾರು ಇಮ್ಮಡಿಗೊಳಿಸಬೇಕು. ಆಗ ಒತ್ತಡ ನಾಲ್ಮಡಿಯಾಗುತ್ತದೆ, ಬೇಕಾಗುವ ಶಕ್ತಿ ಎಂಟು ಮಡಿಯಾಗುತ್ತದೆ, ಸದ್ದೂ ಬಲುವಾಗಿ ಏರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಯಂತ್ರಗಳಿಗೂ ಸಲ್ಲುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಯೋಗ್ಯ ಸಾಮರ್ಥ್ಯದ ಪಂಪನ್ನು ಕೊಂಡು ಅದನ್ನು ಮೆಲ್ಲಗೆ ಓಡಿಸುವುದೇ ನಿಶ್ಶಬ್ದತೆಯ ಮೊದಲ ಸೂತ್ರ. ಆದ್ದರಿಂದ ವೇಗವನ್ನು ಹೆಚ್ಚು ಕಡಿಮೆ ಮಾಡಬಲ್ಲ ಪಂಪನ್ನೇ ಕೊಳ್ಳತಕ್ಕುದು.

ಮೊದಮೊದಲು ಹವ್ಯಾಸಿಗಳು ಜರ್ಮನಿಯ ಏಹೈಮ್ ಮೊದಲಾದ ಮೀನುತೊಟ್ಟಿಯ ಪಂಪುಗಳನ್ನು ಬಳಸಿದರು. ಅವು ಶಾಂತಸ್ವಭಾವದವು, ಆದರೆ ಮನೆಯ 230 ವೋಲ್ಟಿನ ವಿದ್ಯುತ್ತಿನಿಂದ ನಡೆಯುತ್ತಿದ್ದುದರಿಂದ, ಗಣಕವನ್ನು ಚಾಲೂ ಮಾಡಿ ಪಂಪನ್ನು ಮರೆಯುವ ಅಪಾಯವಿತ್ತು. ಅನಂತರ ಗಣಕದ ಒಳಗಿನ 12 ವೋಲ್ಟಿನಿಂದಲೇ ನಡೆಯುವ ಪಂಪುಗಳು ಬಂದವು. ಇವುಗಳಲ್ಲಿ ಲೈಂಗ್ ಮನೆತನದ ಡಿ5 ಮತ್ತು ಡಿಡಿಸಿ ಎಂಬ ಎರಡು ಮಾದರಿಗಳು ಪ್ರಸಿದ್ಧವಾದವು. ಡಿ5 ಮಾದರಿಯ ಪರಮಾವಧಿ ಹರಿವು ಗಂಟೆಗೆ ಸುಮಾರು 1500 ಲೀಟರು, ಒತ್ತಡ ನಾಲ್ಕು ಮೀಟರಿನ ಆಸುಪಾಸು. ಇದನ್ನು ಕಡಿಮೆ ವೇಗದಲ್ಲಿ ಓಡಿಸಿದರೆ ಸದ್ದು ಕಿವಿಗೆ ಬೀಳುವುದೇ ವಿರಳ. ಡಿಡಿಸಿ ಗಾತ್ರದಲ್ಲಿ ಕಿರಿದು. ಒತ್ತಡದಲ್ಲಿ ಗಟ್ಟಿಗ, ಹರಿವಿನಲ್ಲಿ ಮಿತ. ಇಕ್ಕಟ್ಟಾದ ಪೆಟ್ಟಿಗೆಗೂ ತಡೆ ಹೆಚ್ಚಿರುವ ದಾರಿಗೂ ಅದು ಒಪ್ಪುತ್ತದೆ. ನಿಶ್ಶಬ್ದತೆಯೇ ಮುಖ್ಯವಾದಲ್ಲಿ, ಸ್ಥಳವೂ ಇದ್ದಲ್ಲಿ, ಡಿ5 ಬಗೆಯದನ್ನು ಆರಿಸುವುದು ಲೇಸು.

ಒಳ್ಳೆಯ ಪಂಪನ್ನು ತಂದ ಮೇಲೂ ಸದ್ದು ಬರುವುದುಂಟು. ಅದಕ್ಕೆ ಮೊದಲ ಕಾರಣ ಒಳಗೆ ಸಿಕ್ಕಿಕೊಂಡ ಗಾಳಿ. ತುಂಬಿದ ಕೊಡ ತುಳುಕುವುದಿಲ್ಲವೆಂಬ ಮಾತು ಇಲ್ಲಿ ಅಕ್ಷರಶಃ ನಿಜ. ತೊಟ್ಟಿಯನ್ನು ಪಂಪಿಗಿಂತ ಮೇಲಿಟ್ಟು, ಗುಳ್ಳೆಗಳೆಲ್ಲ ಹೊರಬರುವವರೆಗೆ ಗಣಕದ ಇತರ ಭಾಗಗಳಿಗೆ ವಿದ್ಯುತ್ತು ಕೊಡದೆ ಪಂಪನ್ನಷ್ಟೇ ನಡೆಸಬೇಕು. ನೀರಿಲ್ಲದೆ ಮಾತ್ರ ಒಂದು ಕ್ಷಣವೂ ಓಡಿಸಲಾಗದು. ಈ ಪಂಪುಗಳ ಒಳಭಾಗಕ್ಕೆ ನೀರೇ ಎಣ್ಣೆ. ಎರಡನೆಯ ಕಾರಣ ಕಂಪನ. ತಂಬೂರಿಯ ತಂತಿಯ ಮೆಲುದನಿಯನ್ನು ಅದರ ಬುರುಡೆಯು ಹಿಗ್ಗಿಸುವಂತೆ, ಪಂಪಿನ ಅಲ್ಪ ಕಂಪನವನ್ನು ತಗಡಿನ ಪೆಟ್ಟಿಗೆಯು ಹಿಗ್ಗಿಸುತ್ತದೆ. ಪಂಪಿನ ಅಡಿಗೆ ಮೆತ್ತನೆಯ ರಬ್ಬರನ್ನೋ ಸ್ಪಂಜನ್ನೋ ಹಾಸಿ, ಬಾಗುವ ಪೈಪುಗಳನ್ನು ಜೋಡಿಸಿದರೆ ಈ ದೋಷ ಬಹುಪಾಲು ನೀಗುತ್ತದೆ. ನಿರ್ದಿಷ್ಟ ವೇಗವೊಂದರಲ್ಲಿ ಮಾತ್ರ ಪೆಟ್ಟಿಗೆ ಗುಂಯ್‌ಗುಡುತ್ತಿದ್ದರೆ ವೇಗವನ್ನು ತುಸು ಬದಲಿಸಿದರೆ ಸಾಕು.

ಮೌನವನ್ನು ಅರಸುವ ಭರದಲ್ಲಿ ಕ್ಷೇಮವನ್ನು ಮರೆಯಬಾರದು. ಪಂಪು ನಿಂತರೆ ಫಲಕದೊಳಗಿನ ನೀರು ಬಲುಬೇಗ ಕಾಯುತ್ತದೆ. ಸದ್ದುಳ್ಳ ಪಂಪು ನಿಂತರೆ ಕಿವಿಗೆ ತಿಳಿಯುತ್ತದೆ. ನಿಶ್ಶಬ್ದವಾದುದು ನಿಂತರೆ ತಿಳಿಯುವುದೆಂತು? ಆದುದರಿಂದ ಪಂಪಿನ ವೇಗಸೂಚಕ ತಂತಿಯನ್ನು ಗಣಕದ ಫಲಕಕ್ಕೆ ಜೋಡಿಸಿ, ವೇಗ ಕುಸಿದೊಡನೆ ಯಂತ್ರವೇ ಎಚ್ಚರಿಸುವಂತೆ ಏರ್ಪಡಿಸುವುದು ಅವಶ್ಯ. ಬಾವಿಯ ಅಥವಾ ನಲ್ಲಿಯ ನೀರನ್ನು ಹಾಕಿದರೆ ಲವಣಗಳು ಕಿರುಸೀಳುಗಳಲ್ಲಿ ಕಟ್ಟಿಕೊಳ್ಳುತ್ತವೆ; ಭಟ್ಟಿ ಇಳಿಸಿದ ನೀರಿಗೆ ತುಕ್ಕು ಮತ್ತು ಪಾಚಿಗಳನ್ನು ತಡೆಯುವ ಔಷಧವನ್ನು ಬೆರೆಸಿ ಬಳಸಬೇಕು. ತಾಮ್ರವನ್ನೂ ಅಲ್ಯೂಮಿನಿಯಮನ್ನೂ ಒಂದೇ ನೀರಿನ ದಾರಿಯಲ್ಲಿ ಸೇರಿಸಿದರೆ ಅಲ್ಯೂಮಿನಿಯಮು ಸವೆದುಹೋಗುತ್ತದೆ. ಚೈತ್ರ ವೈಶಾಖಗಳ ಬೇಸಗೆಯಲ್ಲಿ ಈ ವ್ಯವಸ್ಥೆಯು ಕೊಠಡಿಯ ಗಾಳಿಗಿಂತ ತಣ್ಣಗೆ ಮಾಡಲಾರದೆಂಬುದೂ ನೆನಪಿರಲಿ. ಆಗ ನೆರವಿಗೆ ಬರುವುದು ದೊಡ್ಡ ರೇಡಿಯೇಟರು, ದೊಡ್ಡ ಪಂಪಲ್ಲ.

ವಿದ್ಯಾಸಂಸ್ಥೆಗೆ ಯಂತ್ರವನ್ನು ದಾನವೀಯುವ ಉದಾರಿಗಳೂ, ಅದನ್ನು ಕೊಳ್ಳುವ ಅಧ್ಯಾಪಕರೂ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯು "ಇದು ಎಷ್ಟು ಬಲಶಾಲಿ?" ಎಂಬುದಲ್ಲ, "ನಮ್ಮ ಕೆಲಸಕ್ಕೆ ಎಷ್ಟು ಬೇಕು?" ಎಂಬುದು. ಬೇಕಾದಷ್ಟನ್ನೇ ಮಾಡಿ, ಮಾಡುತ್ತಿರುವುದನ್ನು ಸಾರಿಕೊಳ್ಳದೆ, ಬಹುಕಾಲ ಬಾಳುವ ಪಂಪೇ ಉತ್ತಮವಾದುದು. ಅದರ ಪಕ್ಕದಲ್ಲಿ ಕುಳಿತ ವಿದ್ಯಾರ್ಥಿಗೆ ತನ್ನ ಗುರುವಿನ ಮಾತು ಸ್ಪಷ್ಟವಾಗಿ ಕೇಳಿಸಿದರೆ ಆಯ್ಕೆ ಸಾರ್ಥಕವಾಯಿತೆಂದು ತಿಳಿಯಬಹುದು.