ಪೇಂಟ್ ಸ್ಪ್ರೇಯರ್ ಕಟಕಟ ಎಂದಾಗ

ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಬಣ್ಣ ಹೊಡೆಯುವಲ್ಲಿ ಈಗ ಬ್ರಷ್ಷು, ರೋಲರಿನ ಜೊತೆಗೆ ಏರ್‌ಲೆಸ್ ಸ್ಪ್ರೇಯರ್ ಕೂಡ ಕಾಣಸಿಗುತ್ತದೆ. ಗ್ಯಾರೇಜಿನಲ್ಲಿ ಕಾರಿಗೆ ಬಣ್ಣ ಹೊಡೆಯುವ ಗನ್ನಿಗೆ ಕಂಪ್ರೆಸರಿನ ಗಾಳಿ ಬೇಕು. ಇದಕ್ಕೆ ಬೇಡ. ಬಣ್ಣವನ್ನೇ ಸುಮಾರು 200 ಬಾರ್ ಒತ್ತಡಕ್ಕೆ ಏರಿಸಿ, ಅರ್ಧ ಮಿಲಿಮೀಟರಿನಷ್ಟೂ ಇಲ್ಲದ ತೂತಿನಿಂದ ಹೊರಗೆ ನುಗ್ಗಿಸುತ್ತದೆ. ಹೊರಬಿದ್ದ ಬಣ್ಣ ಬೀಸಣಿಗೆಯಾಗಿ ಹರಡಿ, ನಿಂತ ಗಾಳಿಗೆ ಬಡಿದು ಹನಿಹನಿಯಾಗಿ ಒಡೆಯುತ್ತದೆ. ಕಾರಿನ ಟೈರಿನಲ್ಲಿರುವುದು ಎರಡು ಬಾರ್‌ಗಿಂತ ತುಸು ಹೆಚ್ಚು. ಇಲ್ಲಿರುವುದು ಅದರ ಹತ್ತಿರಹತ್ತಿರ ನೂರು ಪಟ್ಟು.

ಇಷ್ಟು ಒತ್ತಡ ಹುಟ್ಟಿಸುವುದು ಕೈಯಲ್ಲಿ ಎತ್ತಬಹುದಾದ ಒಂದು ಮೋಟಾರು. ಅದು ವೇಗವಾಗಿ ಸುತ್ತುತ್ತದೆ, ಬಲ ಸಾಲದು. ಹಾಗಾಗಿ ಮೋಟಾರಿನ ಶಾಫ್ಟಿನ ತುದಿಯಲ್ಲಿ ಕೆಲವೇ ಹಲ್ಲಿನ ಪಿನಿಯನ್, ಅದಕ್ಕೆ ಕಚ್ಚಿಕೊಂಡಂತೆ ಹೆಚ್ಚು ಹಲ್ಲಿನ ಗೇರು. ವೇಗ ಇಳಿಯುತ್ತದೆ, ತಿರುಗಿಸುವ ಬಲ ಏರುತ್ತದೆ. ಕೊನೆಯ ಗೇರಿನ ಕ್ರ್ಯಾಂಕಿಗೆ ಕನೆಕ್ಟಿಂಗ್ ರಾಡ್ ಸಿಕ್ಕಿಸಿದರೆ ಸುತ್ತುವ ಚಲನೆ ಮೇಲೆ-ಕೆಳಗೆ ಆಡುವ ಚಲನೆಯಾಗಿ ಬದಲಾಗುತ್ತದೆ. ಅದರ ಕೆಳಗೆ ಪಂಪಿನ ರಾಡ್. ಹೊಲಿಗೆ ಯಂತ್ರದ ಸೂಜಿ ಆಡುವುದೂ ಇದೇ ತತ್ವದಲ್ಲಿ.

ಒಂದು ಸಣ್ಣ ಲೆಕ್ಕ ಹಾಕೋಣ. 200 ಬಾರ್ ಎಂದರೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ ಭಾರ. ಪಂಪಿನ ರಾಡಿನ ಅಡ್ಡಕೊಯ್ತ ಒಂದು ಚದರ ಸೆಂಟಿಮೀಟರ್ ಇದ್ದರೂ, ರಾಡು ಕೆಳಗಿಳಿಯುವಾಗ ಕನೆಕ್ಟಿಂಗ್ ರಾಡಿನ ಮೇಲೆ ಎರಡು ಕ್ವಿಂಟಾಲ್ ಬೀಳುತ್ತದೆ. ಈ ಪಂಪುಗಳು ಇಳಿಯುವಾಗಲೂ ಏರುವಾಗಲೂ ಬಣ್ಣ ತಳ್ಳುವಂಥವು. ಆದ್ದರಿಂದ ರಾಡು ಮೇಲೇರುವಾಗ ಆ ಭಾರ ಹೋಗುವುದಿಲ್ಲ, ದಿಕ್ಕು ಬದಲಿಸುತ್ತದೆ. ತಳ್ಳುತ್ತಿದ್ದ ಕೊಂಡಿ ಮರುಕ್ಷಣ ಎಳೆಯುತ್ತಿರುತ್ತದೆ.

ಸವೆತದ ಗುಟ್ಟು ಇರುವುದು ಈ ದಿಕ್ಕು ಬದಲಾವಣೆಯಲ್ಲಿ. ಮೆಕ್ಯಾನಿಕ್‌ಗಳು ‘ಪ್ಲೇ ಬಂದಿದೆ’ ಅನ್ನುತ್ತಾರಲ್ಲ, ಕನೆಕ್ಟಿಂಗ್ ರಾಡಿನ ಕೀಲಿನಲ್ಲಿ ಆ ಸಡಿಲ ಕೂದಲೆಳೆಯಷ್ಟೇ ಇರಲಿ. ಪ್ರತಿ ಅರ್ಧ ಸುತ್ತಿಗೊಮ್ಮೆ ರಾಡು ಆ ಸಂದನ್ನು ದಾಟಿ ಎದುರು ಬದಿಗೆ ಬಡಿಯುತ್ತದೆ. ಬಡಿದಷ್ಟೂ ಸಂದು ಅಗಲ, ಸಂದು ಅಗಲವಾದಷ್ಟೂ ಬಡಿತ ಜೋರು. ಕಟಕಟ ಸದ್ದು ಕೇಳಿಸಿತೆಂದರೆ ಸವೆತ ಶುರುವಾಗಿ ಬಹಳ ದಿನವಾಗಿದೆ ಎಂದೇ ಅರ್ಥ.

1953ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಆರ್ಚರ್ಡ್ ಸವೆತಕ್ಕೆ ಒಂದು ಸರಳ ಸೂತ್ರ ಕೊಟ್ಟರು: ಭಾರ ಹೆಚ್ಚಿದಷ್ಟೂ, ಉಜ್ಜಿದ ದೂರ ಹೆಚ್ಚಿದಷ್ಟೂ ಸವೆತ ಹೆಚ್ಚು, ಲೋಹ ಗಟ್ಟಿಯಾದಷ್ಟೂ ಕಡಿಮೆ. ಪಂಪಿನ ರಾಡಿಗೆ ಕ್ರೋಮ್ ಲೇಪಿಸುವುದು ಅದಕ್ಕೇ. ಇಲ್ಲಿ ಇನ್ನೊಂದು ತೊಡಕೂ ಇದೆ. ಗೋಡೆಯ ಬಣ್ಣಕ್ಕೆ ಬಿಳುಪು ಕೊಡುವ ಟೈಟಾನಿಯಂ ಡೈಆಕ್ಸೈಡಿನ ಗಡಸುತನ ಮೋಸ್ ಮಾಪನದಲ್ಲಿ ಸುಮಾರು 6. ಮೆದು ಉಕ್ಕಿಗಿಂತ ಅದೇ ಗಟ್ಟಿ. ರಾಡಿನ ಸುತ್ತ ಇರುವ ಚರ್ಮ ಮತ್ತು ಪ್ಲಾಸ್ಟಿಕ್ಕಿನ ಪ್ಯಾಕಿಂಗ್ ಸೋರಿದರೆ ಈ ಬಣ್ಣ ಮೇಲಕ್ಕೆ ಒಸರಿ ಕನೆಕ್ಟಿಂಗ್ ರಾಡಿನ ಕೀಲನ್ನೂ ತಲುಪುತ್ತದೆ. ಒಣಗಿದರೆ ರಾಡನ್ನು ಹಿಡಿದುಕೊಳ್ಳುತ್ತದೆ. ಆ ಹೆಚ್ಚುವರಿ ಎಳೆತ ಹೊರುವುದು ಗೇರಿನ ಹಲ್ಲು. ದಿನಾ ಕೆಲಸಕ್ಕೆ ಮುಂಚೆ ಪಂಪಿನ ರಾಡಿನ ಸುತ್ತಲಿನ ಬಟ್ಟಲಿಗೆ ಬಿಡಬೇಕಾದ ನಾಲ್ಕು ತೊಟ್ಟು ಎಣ್ಣೆಯನ್ನು ಮರೆಯುವುದು ನನ್ನ ಪ್ರಕಾರ ಅತಿ ದುಬಾರಿ ಉಳಿತಾಯ.

ಗೇರ್ ಡಬ್ಬಿ ಬಿಚ್ಚಿದಾಗ ಮೊದಲು ನೋಡಬೇಕಾದದ್ದು ಗ್ರೀಸು. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಬೂದು ಬಣ್ಣದಲ್ಲಿ ಮಿಣಮಿಣ ಎಂದರೆ ಅದು ಲೋಹದ ಪುಡಿ. ಅಂಥ ಗ್ರೀಸಿನ ಮೇಲೆ ಹೊಸ ಗ್ರೀಸು ಬಳಿಯುವುದು ವ್ಯರ್ಥ. ಪೂರ್ತಿ ಒರೆಸಿ ತೆಗೆಯಬೇಕು. ಡಬ್ಬಿ ಎಳೆಯುವಾಗ ಗೇರಿನ ಬೆನ್ನಿಗೆ ಗ್ರೀಸಿನಲ್ಲಿ ಅಂಟಿಕೊಂಡ ತೆಳು ವಾಶರು ಸದ್ದಿಲ್ಲದೆ ಕೆಳಗೆ ಬೀಳುವುದುಂಟು. ಅದನ್ನು ಹಾಕದೆ ಮುಚ್ಚಿದರೆ ಹೊಸ ಗೇರೂ ಓರೆಯಾಗಿ ಕಚ್ಚಿ ಬೇಗ ಹಾಳಾಗುತ್ತದೆ. ಇನ್ನು ಹಲ್ಲುಗಳು: ತುದಿ ಚೂಪಾಗಿದ್ದರೆ, ಕಚ್ಚುವ ಮುಖದಲ್ಲಿ ಸಣ್ಣ ಗುಳಿಗಳೆದ್ದಿದ್ದರೆ ಆ ಗೇರಿನ ಆಯಸ್ಸು ಮುಗಿದಂತೆ.

ಬದಲಿಸುವಾಗ ಜೋಡಿಯಾಗಿ ಬದಲಿಸಿ. ಎರಡು ಗೇರುಗಳು ಒಂದರ ಸವೆತಕ್ಕೆ ಇನ್ನೊಂದು ಹೊಂದಿಕೊಂಡಿರುತ್ತವೆ. ಸವಕಲು ಹಲ್ಲಿಗೆ ಹೊಸ ಹಲ್ಲು ಸಿಕ್ಕಿಸಿದರೆ ಭಾರವೆಲ್ಲ ಒಂದು ಅಂಚಿನ ಮೇಲೆ ಕೂರುತ್ತದೆ. ಕನೆಕ್ಟಿಂಗ್ ರಾಡ್ ಸವೆದಿದ್ದರೆ ಕ್ರ್ಯಾಂಕನ್ನೂ ನೋಡಬೇಕು. ಪಂಪಿನ ರಾಡಿನ ಕ್ರೋಮಿನಲ್ಲಿ ಗೀರು ಉಗುರಿಗೆ ತಾಗುತ್ತಿದ್ದರೆ ಹೊಸ ಪ್ಯಾಕಿಂಗ್ ಹೆಚ್ಚು ದಿನ ಬಾಳುವುದಿಲ್ಲ. ಪಿನಿಯನ್ ಮೋಟಾರಿನ ಶಾಫ್ಟಿಗೇ ಸೇರಿಕೊಂಡಿದ್ದು ಅದೂ ಸವೆದಿದ್ದರೆ, ರಿಪೇರಿಯ ಖರ್ಚನ್ನು ಹೊಸ ಯಂತ್ರದ ಬೆಲೆಯ ಪಕ್ಕದಲ್ಲಿಟ್ಟು ನೋಡುವುದೇ ಜಾಣತನ.

ಇದೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಸ್ವಿಚ್ ಆರಿಸಿದರೂ ಪೈಪಿನಲ್ಲಿ ಒತ್ತಡ ಉಳಿದಿರುತ್ತದೆ. ಪ್ಲಗ್ ಕಿತ್ತು, ಗನ್ನಿನ ಕುದುರೆ ಒತ್ತಿ ಬಕೆಟ್ಟಿಗೆ ಬಿಟ್ಟು, ಒತ್ತಡ ಇಳಿಸುವ ಪ್ರೈಮ್ ವಾಲ್ವ್ ತೆರೆದಿಟ್ಟ ಮೇಲೆಯೇ ಸ್ಪ್ಯಾನರ್ ಹಿಡಿಯಿರಿ. ಈ ಒತ್ತಡದಲ್ಲಿ ಬಣ್ಣ ಚರ್ಮ ತೂರಿ ಒಳಗಿಳಿಯಬಲ್ಲದು. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಮೊದಲಿಗೆ ಕಡಿಮೆ. ಆದರೆ ತಡಮಾಡಿದರೆ ಬೆರಳನ್ನೇ ಕತ್ತರಿಸಬೇಕಾಗಬಹುದು. ಬ್ಯಾಂಡೇಜ್ ಸುತ್ತಿ ಕೆಲಸ ಮುಂದುವರಿಸಬೇಡಿ. ಬಣ್ಣದ ಡಬ್ಬಿಯನ್ನೂ ಜೊತೆಗೆ ಹಿಡಿದು ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ.