ಕೆಟ್ಟು ನಿಂತ ಲಾರಿಯನ್ನು ಎಳೆಯುವವರು ಯಾರು?

ಅಮೆರಿಕದ ಅಂತರರಾಜ್ಯ ಹೆದ್ದಾರಿಯಲ್ಲಿ ಲಾರಿಯೊಂದು ಸರಕೂ ಸೇರಿ 80,000 ಪೌಂಡ್, ಅಂದರೆ ಸುಮಾರು 36 ಟನ್ ಮೀರುವಂತಿಲ್ಲ. ಅಷ್ಟು ಹೊತ್ತ ಲಾರಿ ನಡುದಾರಿಯಲ್ಲಿ ಕೆಟ್ಟಿತು ಅನ್ನಿ. ಟೋಯಿಂಗ್ ವಾಹನ ಬಂದು ಅದರ ಮೂತಿ ಎತ್ತಿದೊಡನೆ ಎರಡರ ತೂಕವೂ ಕೂಡಿ ಮಿತಿ ದಾಟುತ್ತದೆ. 2015ರವರೆಗೆ, ವಿಶೇಷ ಪರವಾನಗಿ ಇಲ್ಲದಿದ್ದರೆ ನೆರವಿಗೆ ಬಂದವನೇ ತಪ್ಪಿತಸ್ಥನಾಗುತ್ತಿದ್ದ! ಈ ಗಂಟು ಬಿಚ್ಚಲು ಅಲ್ಲಿನವರಿಗೆ ಬಹಳ ಕಾಲ ಹಿಡಿಯಿತು.

ಕ್ಯಾಲಿಫೋರ್ನಿಯಾದ ಪಸಡೀನಾದಿಂದ ಶುರುಮಾಡೋಣ. ಈ ಊರನ್ನು ಲಾಸ್ ಏಂಜಲೀಸ್‌ಗೆ ಜೋಡಿಸುವ ಅರೋಯೊ ಸೆಕೊ ಪಾರ್ಕ್‌ವೇ 1940ರ ಡಿಸೆಂಬರ್ 30ರಂದು ಉದ್ಘಾಟನೆಯಾಯಿತು. ಗಂಟೆಗೆ 45 ಮೈಲಿ ವೇಗಕ್ಕೆಂದು ಕಟ್ಟಿದ ರಸ್ತೆ. ಕಾರು ಕೆಟ್ಟರೆ ಬದಿಗೆ ಸರಿಸಲು ಜಾಗವಿರಲಿಲ್ಲ. ಅಲ್ಲಲ್ಲಿ ನಿಲುಗಡೆಯ ಕಿರುಜಾಗಗಳನ್ನು ಆಮೇಲೆ ಮಾಡಬೇಕಾಯಿತು. ಭಾರಿ ಲಾರಿಗಳಿಗಂತೂ ಇಂದಿಗೂ ಅಲ್ಲಿ ಪ್ರವೇಶವಿಲ್ಲ.

ನಿಷೇಧಿಸಿಬಿಡುವುದು ಸರ್ಕಾರಗಳಿಗೆ ಸುಲಭದ ಮದ್ದು. ಪಸಡೀನಾದ ನೆರೆಯ ಲಾ ಕ್ಯಾನ್ಯಾಡಾ ಫ್ಲಿಂಟ್‌ರಿಡ್ಜ್‌ನಲ್ಲಿ 2009ರ ಏಪ್ರಿಲ್ 1ರಂದು, ಬೆಟ್ಟದ ರಸ್ತೆಯಲ್ಲಿ ಇಳಿದುಬಂದ ಕಾರು ಸಾಗಿಸುವ ಲಾರಿಯ ಬ್ರೇಕ್ ಹಿಡಿಯಲಿಲ್ಲ. ವಾಹನಗಳಿಗೆ ಗುದ್ದಿ, ಪುಸ್ತಕದಂಗಡಿಗೆ ನುಗ್ಗಿತು. ಇಬ್ಬರು ಸತ್ತರು. ಆ ಭಾಗದ ಶಾಸಕ ಆಂಥನಿ ಪೋರ್ಟಂಟಿನೊ ಮಂಡಿಸಿದ ಮಸೂದೆಯಿಂದ ಆ ಘಾಟಿಯೂ ಭಾರಿ ಲಾರಿಗಳಿಗೆ ಮುಚ್ಚಿತು. ಆದರೆ ಒಂದು ರಸ್ತೆ ಮುಚ್ಚಿದರೆ ಲಾರಿ ಇನ್ನೊಂದು ರಸ್ತೆ ಹಿಡಿಯುತ್ತದೆ, ಕೆಡುವುದೂ ಅಲ್ಲೇ.

ಕೆಟ್ಟದ್ದನ್ನು ಬೇಗ ತೆಗೆಯುವ ಏರ್ಪಾಡು ಲಾಸ್ ಏಂಜಲೀಸ್‌ನಲ್ಲಿ 1991ರಲ್ಲಿ ಬಂತು. ಫ್ರೀವೇ ಸರ್ವಿಸ್ ಪ್ಯಾಟ್ರೋಲ್‌ನ ವಾಹನಗಳು ದಟ್ಟಣೆಯ ಹೊತ್ತಿನಲ್ಲಿ ಸುತ್ತುತ್ತಾ, ಕೆಟ್ಟ ಕಾರನ್ನು ಹೆದ್ದಾರಿಯಿಂದ ಆಚೆ ಬಿಡುತ್ತವೆ. ಕಾಸು ಕೊಡಬೇಕಿಲ್ಲ. ಚಾಲಕ ಭಕ್ಷೀಸು ಪಡೆಯುವಂತಿಲ್ಲ, ಇಂಥ ಗ್ಯಾರೇಜಿಗೇ ಹೋಗಿ ಎನ್ನುವಂತಿಲ್ಲ. ಬಂದರಿನ ಕಂಟೇನರ್ ಲಾರಿಗಳು ಸಾಲುಗಟ್ಟುವ 710ನೇ ಹೆದ್ದಾರಿಗೆ ಕಾರು ಎಳೆಯುವ ವಾಹನ ಸಾಲದಾಗಿ, ಲಾರಿಗಳನ್ನೇ ಎಳೆಯಬಲ್ಲ ಭಾರಿ ವಾಹನಗಳನ್ನು ಇಳಿಸಬೇಕಾಯಿತು.

ಪೊಲೀಸರು ಕರೆಸುವ ಖಾಸಗಿ ಟೋಯಿಂಗ್‌ನವರಿಗೆ ಬೇರೆ ಕಟ್ಟುಪಾಡು. ಕ್ಯಾಲಿಫೋರ್ನಿಯಾ ಹೈವೇ ಪ್ಯಾಟ್ರೋಲ್ ಅವರ ವಾಹನಗಳನ್ನು ಸಾಮರ್ಥ್ಯ ನೋಡಿ ಎ, ಬಿ, ಸಿ, ಡಿ ಎಂದು ವಿಂಗಡಿಸಿ, ಒಪ್ಪಂದ ಮಾಡಿಕೊಂಡು, ಸರದಿಯಂತೆ ಕರೆಯುತ್ತದೆ. ದರವೂ ಒಪ್ಪಿಗೆಯಾಗಬೇಕು. ರಸ್ತೆಯಲ್ಲಿ ನಿಂತವನ ಅಸಹಾಯಕತೆಯೇ ಈ ವ್ಯಾಪಾರದ ಬಂಡವಾಳವಾದ್ದರಿಂದ ನನಗೆ ಇದೇ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. 1994ರಲ್ಲಿ ಲಾರಿ ಸಾಗಣೆಯ ದರ ನಿಯಂತ್ರಿಸುವ ಅಧಿಕಾರವನ್ನು ರಾಜ್ಯಗಳಿಂದ ಕಿತ್ತುಕೊಂಡ ಅಮೆರಿಕ ಸಂಸತ್ತು, ಮಾಲೀಕನ ಒಪ್ಪಿಗೆಯಿಲ್ಲದೆ ಎಳೆದೊಯ್ಯುವ ಟೋಯಿಂಗ್ ದರದ ಮಟ್ಟಿಗೆ ಮರುವರ್ಷವೇ ಅದನ್ನು ಹಿಂದಿರುಗಿಸಿತು.

ತೂಕದ ಗಂಟು ಬಿಚ್ಚಿದ್ದು 2015ರ ಡಿಸೆಂಬರ್‌ನಲ್ಲಿ, ಫಾಸ್ಟ್ ಆ್ಯಕ್ಟ್ ಎಂಬ ಕೇಂದ್ರ ಕಾನೂನಿನಿಂದ. ಭಾರಿ ಟೋಯಿಂಗ್ ವಾಹನಕ್ಕೆ ಅಂತರರಾಜ್ಯ ಹೆದ್ದಾರಿಯ ತೂಕ ಮಿತಿಯಿಂದ ವಿನಾಯಿತಿ ಸಿಕ್ಕಿತು, ಎರಡು ಷರತ್ತಿನ ಮೇಲೆ. ಲಾರಿಯನ್ನು ಕೆಟ್ಟ ಜಾಗದಿಂದ ಹತ್ತಿರದ ಸೂಕ್ತ ದುರಸ್ತಿ ಕೇಂದ್ರಕ್ಕೇ ಒಯ್ಯಬೇಕು. ಎಳೆಯುವ ವಾಹನದ ತೂಕ ಎಳೆಸಿಕೊಳ್ಳುವುದಕ್ಕೆ ಸಮನಾಗಿರಬೇಕು, ಇಲ್ಲವೇ ಹೆಚ್ಚಿರಬೇಕು. ಎರಡನೆಯದು ಜಾಣ ಷರತ್ತು. ಹಗುರ ವಾಹನ ಭಾರದ ಲಾರಿಯನ್ನು ಕಟ್ಟಿಕೊಂಡು ಇಳಿಜಾರಿಗೆ ಹೊರಟರೆ ಯಾರು ಯಾರನ್ನು ಎಳೆಯುತ್ತಾರೆಂದು ಹೇಳಲಾಗದು.

ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲೂ ಇದರ ಸುಳಿವಿದೆ. 66ನೇ ವಿಧಿ ಕೆಟ್ಟ ವಾಹನ ಎಳೆಯುವ ಗಾಡಿಗೆ ಪರ್ಮಿಟ್ ಬೇಡವೆನ್ನುತ್ತದೆ. 201ನೇ ವಿಧಿ ಕೆಟ್ಟು ನಿಂತು, ತೆರವುಗೊಳಿಸದೆ ಸಂಚಾರಕ್ಕೆ ಅಡ್ಡಿಯಾದ ವಾಹನಕ್ಕೆ ದಂಡ ಹಾಕುತ್ತದೆ. ಗಂಟೆಗೆ 50 ರೂಪಾಯಿವರೆಗೆ ಇದ್ದದ್ದು 2019ರ ತಿದ್ದುಪಡಿಯಲ್ಲಿ 500 ರೂಪಾಯಿವರೆಗೆ ಎಂದಾಯಿತು. ಎಳೆಯುವ ಗಾಡಿಯ ತೂಕವೆಷ್ಟಿರಬೇಕು, ದರವೆಷ್ಟು ಎಂಬುದನ್ನು ಈ ಎರಡೂ ವಿಧಿಗಳು ಹೇಳುವುದಿಲ್ಲ. ಶಿರಾಡಿ ಘಾಟಿಯ ತಿರುವಿನಲ್ಲಿ ಟ್ಯಾಂಕರ್ ಕೆಟ್ಟು ನಿಂತಾಗ ಚಾಲಕನಿಗೆ ಬೇಕಾದದ್ದು ದಂಡದ ಚೀಟಿಯಲ್ಲ, ತಕ್ಕ ತೂಕದ ಕ್ರೇನು ಮತ್ತು ಮೊದಲೇ ಪ್ರಕಟವಾದ ದರಪಟ್ಟಿ. ಸಾರಿಗೆ ಇಲಾಖೆ ಅಷ್ಟನ್ನಾದರೂ ಮಾಡಲಿ.